ಕಡೇ ಬೆಂಚಿನ ಯಜಮಾನರು

ನಮ್ಮ ಚರ್ಚಿನ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಕಳೆದ ತಿಂಗಳು ಒಂದು ಬೆಳಗ್ಗೆ ಸುದ್ದಿ ಬಂತು: ‘ನಮ್ಮ ಹಿಂದಿನ ಅಮ್ಮನವರ ಯಜಮಾನರು ಕರ್ತನಲ್ಲಿ ನಿದ್ರೆ ಹೋದರು.’ ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಿದ್ದವು. ಹೋದವರ ಹೆಸರು ಎಲ್ಲೂ ಇರಲಿಲ್ಲ. ಹೆಸರು ಏನು ಎಂದು ಯಾರೂ ಕೇಳಲೂ ಇಲ್ಲ. ನಾನು ಕನ್ನಡ ಮೇಷ್ಟ್ರಾಗಿ ನಿವೃತ್ತನಾದವನು, ಆ ಗುಂಪಿನಲ್ಲಿ ಯಾರಾದರೂ ಒಂದು ಒತ್ತಕ್ಷರ ತಪ್ಪಿದರೂ ತಿದ್ದಿ ಹಾಕಿ ಎಲ್ಲರ ಬೈಗುಳ ತಿನ್ನುವವನು, ನಾನೂ ಕೇಳಲಿಲ್ಲ. ಐದು ವರ್ಷ ನಮ್ಮೊಂದಿಗಿದ್ದ ಆ ಮನುಷ್ಯನನ್ನು ಚಿಕ್ಕಬಳ್ಳಾಪುರದಲ್ಲಿ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಈಗ ಬರೆಯುವಾಗ ಮಾತ್ರ ಹೆಸರು ಹಾಕಿ ದೊಡ್ಡವನಾಗಲು ನನಗೂ ಮನಸ್ಸಿಲ್ಲ. ಯಜಮಾನರು ಎಂದೇ ಬರೆಯುತ್ತೇನೆ.

ನಮ್ಮದು ಸಣ್ಣ ಚರ್ಚು. ಹೆಂಚಿನ ಮಾಡು, ಒಂದು ಗಂಟೆ, ಹಿಂದೆ ಹುಣಸೆಮರದ ಆಚೆ ಪಾಸ್ಟರು ಇರುವ ಹಳೇ ಬಂಗಲೆ. ಅಲ್ಲಿ ಏನು ನಡೆದರೂ ರಸ್ತೆಗೆ ಕೇಳಿಸುವುದಿಲ್ಲ. ಪಾಸ್ಟರನ್ನು ನಾವು ಅಯ್ಯನವರು ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಅಮ್ಮನವರು. ಅಯ್ಯನವರು ಪ್ರಸಂಗ ಮಾಡುತ್ತಾರೆ, ಅಮ್ಮನವರು ಕಾಫಿ ಮಾಡುತ್ತಾರೆ. ಇದು ಬೈಬಲಿನಲ್ಲಿ ಎಲ್ಲೂ ಬರೆದಿಲ್ಲ, ಆದರೆ ಬರೆದಿದೆ ಎಂದೇ ನಾವೆಲ್ಲ ನಂಬಿಕೊಂಡಿದ್ದೆವು.

ಹೀಗಿರುವಾಗ ಬಿಷಪ್ಪರ ಕಚೇರಿಯಿಂದ ಕಾಗದ ಬಂತು. ಆಗಷ್ಟೇ ದೀಕ್ಷೆಯಾದ ಒಬ್ಬ ಹೆಣ್ಣುಮಗಳನ್ನು ನಮಗೆ ಪಾಸ್ಟರಾಗಿ ಕಳಿಸುತ್ತಿದ್ದಾರೆ, ನಲವತ್ತು ದಾಟಿದ ಮೇಲೆ ದೇವಶಾಸ್ತ್ರ ಓದಿದವರು, ಇದೇ ಅವರ ಮೊದಲನೆಯ ಸಭೆ, ಪ್ರೀತಿಯಿಂದ ಬರಮಾಡಿಕೊಳ್ಳಿ ಎಂದು. ನಾನು ಸಭೆಯ ಕಾರ್ಯದರ್ಶಿ. ಕಾಗದವನ್ನು ಕಮಿಟಿಯಲ್ಲಿ ಓದಿದೆ. ಕಮಿಟಿಯ ಹಿರಿಯರಾದ ದೇವದಾನಪ್ಪನವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, “ಇನ್ನೊಂದ್ಸಲ ಓದಿ ಮೇಷ್ಟ್ರೇ” ಎಂದರು. ಓದಿದೆ. ಎರಡನೆಯ ಸಲವೂ ಅದರಲ್ಲಿ ಹೆಣ್ಣೇ ಇತ್ತು.

ಬಂದ ದಿನದ ಕಥೆಯನ್ನು ಹೇಳಲೇಬೇಕು. ಸಾಮಾನು ತುಂಬಿದ ಟೆಂಪೊ ಗೇಟಿನಲ್ಲಿ ನಿಂತಿತು. ನಾವೆಲ್ಲ ಹಾರ ಹಿಡಿದು ಸಾಲಾಗಿ ನಿಂತಿದ್ದೆವು. ಡ್ರೈವರಿನ ಪಕ್ಕದಿಂದ ಮೊದಲು ಇಳಿದವರು ಬಿಳಿ ಷರಟಿನ, ಅರ್ಧ ನರೆತ ಮೀಸೆಯ, ಎತ್ತರದ ಒಬ್ಬ ಮನುಷ್ಯ. ದೇವದಾನಪ್ಪನವರಿಗೆ ಎಲ್ಲ ಗೊತ್ತಿತ್ತು. ಬರುವವರು ಯಾರು ಎಂಬ ಬಗ್ಗೆ ಒಂದು ತಿಂಗಳು ನಿದ್ದೆಗೆಟ್ಟಿದ್ದವರು ಅವರೇ. ಆದರೂ ಇಷ್ಟು ವರ್ಷ ಮೊದಲು ಇಳಿದ ಗಂಡಸಿಗೆ ಹಾರ ಹಾಕಿದ ಕೈ ಅದು. ಸೀದಾ ಹೋಗಿ ಅವರ ಕೊರಳಿಗೆ ಹಾಕಿ, “ಸ್ತೋತ್ರ ಅಯ್ಯನೋರೆ” ಎಂದುಬಿಟ್ಟರು.

ಯಜಮಾನರು ಗಲಿಬಿಲಿಗೊಳ್ಳಲಿಲ್ಲ. ಹಾರ ತೆಗೆದು ಹಿಂದೆ ಇಳಿಯುತ್ತಿದ್ದ ಹೆಂಡತಿಯ ಕೊರಳಿಗೆ ಹಾಕಿ, “ಅಯ್ಯನೋರು ಇವ್ರು. ನಾನು ಸಾಮಾನು ಇಳಿಸೋಕೆ ಬಂದೋನು” ಎಂದರು. ಹಾಗೆಂದವರೇ ತೋಳು ಮಡಚಿ ಬೀರು ಇಳಿಸಲು ಹೋದರು. ಅಮ್ಮನವರು ನಕ್ಕರು. ದೇವದಾನಪ್ಪನವರು ನಗಲಿಲ್ಲ, ಮುಂದೆಯೂ ಬಹಳ ದಿನ ನಗಲಿಲ್ಲ.

ಆಮೇಲೆ ಸಂಬೋಧನೆಯ ತಾಪತ್ರಯ. ಪಾಸ್ಟರೇ ಹೆಂಗಸಾದ್ದರಿಂದ ಅವರು ಅಮ್ಮನವರಾದರು. ಹಾಗಾದರೆ ಈತ ಯಾರು? ಅಯ್ಯನವರು ಎಂದರೆ ದೀಕ್ಷೆ ಇಲ್ಲ. ಹೆಸರು ಹಿಡಿದು ಕರೆದರೆ ಅಗೌರವ. ಕೊನೆಗೆ ನಮ್ಮ ಮಾರ್ತಮ್ಮ ತೀರ್ಪು ಕೊಟ್ಟಳು. ಮಾರ್ತಮ್ಮ ಎಂದರೆ ಚರ್ಚಿನ ಹೆಂಗಸರ ಕೂಟದ ಕೈಯೂ ಬಾಯೂ. ಮನೆಮಾತು ತೆಲುಗು, ಪ್ರಾರ್ಥನೆ ಕನ್ನಡ, ಬೈಗುಳ ಎರಡರಲ್ಲೂ. “ಅಮ್ಮನೋರ ಯಜಮಾನ್ರು ಅನ್ನಿ. ಅದಕ್ಯಾಕೆ ಇಷ್ಟು, ದಾನ್ಕೇಮಿ ಇಂತ ಪಂಚಾಯ್ತಿ!” ಎಂದಳು. ಅದೇ ನಿಂತಿತು. ಯಾವುದರ ಯಜಮಾನಿಕೆಯೂ ಇಲ್ಲದ ಆ ಮನುಷ್ಯನಿಗೆ ಊರೆಲ್ಲ ಯಜಮಾನ್ರೇ ಎಂದು ಕೈಮುಗಿಯತೊಡಗಿತು.

ಅವರು ರೇಷ್ಮೆ ಇಲಾಖೆಯ ನೌಕರರು. ದಿನವೂ ಬೆಳಗ್ಗೆ ಬಸ್ಸಿನಲ್ಲಿ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗುವರು, ಮಧ್ಯಾಹ್ನ ಇಳಿಹೊತ್ತಿಗೆ ಬರುವರು. ಬಂದವರು ಬಂಗಲೆಯ ಜಗಲಿಯಲ್ಲಿ ಕೂತು ಅವರೆಕಾಯಿ ಕಾಲದಲ್ಲಿ ಅವರೆ ಹಿದುಕುತ್ತಿದ್ದರು. ಪಾಸ್ಟರನ್ನು ನೋಡಲು ಬಂದವರು ಮೊದಲು ಇವರನ್ನು ದಾಟಬೇಕು. ಎಲ್ಲರಿಗೂ ಕಾಫಿ ಇವರದೇ, ಮತ್ತು ಸುಳ್ಳು ಹೇಳಬಾರದು, ಇಷ್ಟು ವರ್ಷದ ಅಮ್ಮನವರುಗಳ ಕಾಫಿಗಿಂತ ಚೆನ್ನಾಗಿರುತ್ತಿತ್ತು. ನಮ್ಮ ಜನ ಶಿಫಾರಸಿಗೆ ಹುಟ್ಟಿದವರು. “ಯಜಮಾನ್ರೇ, ನಮ್ಮ ಮೊಮ್ಮಗನ ದೀಕ್ಷಾಸ್ನಾನದ ತಾರೀಕು ಸ್ವಲ್ಪ ಹಿಂದಕ್ಕೆ ಹಾಕ್ಸಿ, ನೀವು ಒಂದ್ಮಾತು ಹೇಳಿದ್ರೆ ಆಯ್ತು” ಎಂದು ಬಂದವರಿಗೆಲ್ಲ ಒಂದೇ ಉತ್ತರ: “ಅದು ಅವಳ ಇಲಾಖೆ ಕಣಪ್ಪ. ನಂದು ರೇಷ್ಮೆ ಇಲಾಖೆ. ಕಾಫಿ ಕುಡೀರಿ.”

ಭಾನುವಾರ ಬೆಳಗ್ಗೆ ಸ್ಕಂದಗಿರಿ ಹತ್ತಿ ಇಳಿದ ಹುಡುಗ ಹುಡುಗಿಯರ ಕಾರುಗಳು ಊರೊಳಗೆ ಬರುತ್ತವಲ್ಲ, ಒಮ್ಮೆ ಅಂಥ ಒಂದು ಕಾರು ಬಂಗಲೆಯನ್ನು ಹೋಮ್‌ಸ್ಟೇ ಎಂದುಕೊಂಡು ಒಳಗೇ ಬಂತು. ಆರು ಜನ, ಮೈಯೆಲ್ಲ ಮಣ್ಣು, “ಅಂಕಲ್, ಬ್ರೇಕ್‌ಫಾಸ್ಟ್ ಇದೆಯಾ?” ಎಂದು ಕೇಳಿದರು. ಯಜಮಾನರು ಇದೆ ಎಂದರು. ಉಪ್ಪಿಟ್ಟು ಕೊಟ್ಟರು, ಕೈಕಾಲು ತೊಳೆಯಲು ನೀರು ತೋರಿಸಿದರು. ತಿಂದಾದ ಮೇಲೆ, “ಎಷ್ಟಾಯ್ತು ಅಂಕಲ್?” ಎಂದದ್ದಕ್ಕೆ, “ಒಂದೂವರೆ ಗಂಟೆ” ಎಂದು ಚರ್ಚಿನ ಬಾಗಿಲು ತೋರಿಸಿದರು. ಆ ಆರು ಜನವೂ ಕಡೇ ಬೆಂಚಿನಲ್ಲಿ ಇವರ ಪಕ್ಕ ಕೂತು ಪೂರ್ತಿ ಆರಾಧನೆ ಕೇಳಿ ಹೋದರು. ಇಬ್ಬರು ನಿದ್ದೆ ಮಾಡಿದರು, ಆದರೆ ಅದನ್ನು ನಮ್ಮ ಕಮಿಟಿಯವರೂ ಮಾಡುತ್ತಾರೆ.

ತಿಂಗಳಿಗೊಮ್ಮೆ ಗೌರಿಬಿದನೂರಿನಲ್ಲಿ, ಇನ್ನೊಮ್ಮೆ ಚಿಂತಾಮಣಿಯಲ್ಲಿ, ಹತ್ತು ಹದಿನೈದು ಮನೆಗಳವರಿಗೆ ಭಾನುವಾರ ಮಧ್ಯಾಹ್ನದ ಆರಾಧನೆ ಇರುತ್ತಿತ್ತು. ಯಜಮಾನರ ಸ್ಕೂಟರು, ಹಿಂದೆ ಅಮ್ಮನವರು. ಅಮ್ಮನವರು ಪ್ರಸಂಗವನ್ನು ದಾರಿಯಲ್ಲಿ ಗಂಡನ ಬೆನ್ನಿಗೆ ಒಪ್ಪಿಸುತ್ತಿದ್ದರು. ಉದ್ದವಾಯಿತು ಎನಿಸಿದಾಗ ಯಜಮಾನರು ಎಡಗೈ ಎತ್ತುತ್ತಿದ್ದರು. ಹಿಂದೆ ಬರುವ ಬಸ್ಸಿನವರು ತಿರುಗುತ್ತಾರೇನೋ ಎಂದು ನಿಧಾನಿಸಿ ಶಾಪ ಹಾಕಿಕೊಂಡು ಹೋಗುತ್ತಿದ್ದರಂತೆ. “ಅವಳ ಪ್ರಸಂಗದಲ್ಲಿ ಬಿಟ್ಟುಹೋದ ಮಾತೆಲ್ಲ ಗೌರಿಬಿದನೂರು ರಸ್ತೇಲಿ ಬಿದ್ದವೆ ಮೇಷ್ಟ್ರೇ, ಯಾವತ್ತಾದ್ರೂ ಆರಿಸ್ಕೊಂಡು ಬನ್ನಿ” ಎನ್ನುತ್ತಿದ್ದರು.

ಇನ್ನು ಹೆಂಗಸರ ಕೂಟದ ವಿಷಯ. ಇದರ ಪಾಪ ನನ್ನದು. ಕೂಟದ ಹಳೇ ನಿಯಮದ ಪುಸ್ತಕದಲ್ಲಿ, ಪಾಸ್ಟರ ಬಾಳಸಂಗಾತಿ ಕೂಟದ ಅಧ್ಯಕ್ಷರಾಗಿರತಕ್ಕದ್ದು ಎಂದು ಬರೆದಿತ್ತು. ಈಗ ಏನು ಮಾಡುವುದು ಎಂದು ಕಮಿಟಿಯಲ್ಲಿ ಪ್ರಶ್ನೆ ಬಂತು. ಅಧ್ಯಕ್ಷಗಿರಿ ತನಗೇ ಎಂದು ಮಾರ್ತಮ್ಮ ಹೊಸ ಸೀರೆ ತೆಗೆದಿಟ್ಟಿದ್ದಳು. ನನಗೆ ಬರೆದದ್ದು ಬರೆದಂತೆ ನಡೆಯಬೇಕು ಎಂಬ ಹಟ, ಮೇಷ್ಟ್ರ ಬುದ್ಧಿ. “ನಿಯಮ ಅಂದ್ರೆ ನಿಯಮ. ಬಾಳಸಂಗಾತಿ ಅವರೇ ತಾನೇ?” ಎಂದೆ. ದೇವದಾನಪ್ಪನವರು ಹೇಗೂ ಆ ಮನುಷ್ಯ ಒಪ್ಪುವುದಿಲ್ಲ, ಗೇಲಿ ಆಗಲಿ ಎಂದು ಸಹಿ ಹಾಕಿದರು.

ಯಜಮಾನರು ಒಪ್ಪಿಬಿಟ್ಟರು. ಶುಕ್ರವಾರ ಅರ್ಧ ದಿನ ರಜೆ ಹಾಕಿ, ತಲೆ ಬಾಚಿಕೊಂಡು, ಮೂವತ್ತು ಹೆಂಗಸರ ನಡುವೆ ಅಧ್ಯಕ್ಷರ ಕುರ್ಚಿಯಲ್ಲಿ ಕೂತರು. ಆರಂಭದ ಪ್ರಾರ್ಥನೆ ಅಧ್ಯಕ್ಷರದು. ಎದ್ದು ನಿಂತು, “ಕರ್ತನೇ, ಇವರೆಲ್ಲ ಕೆಲಸ ಬಿಟ್ಟು ಬಂದವ್ರೆ. ನಾನು ಸುಮ್ನೆ ಕೂತಿರ್ತೀನಿ, ನೀನು ಇವರ ಮಾತು ಕೇಳು. ಆಮೆನ್” ಎಂದು ಕೂತುಬಿಟ್ಟರು. ಹೇಳಿದ ಹಾಗೆಯೇ ಸುಮ್ಮನೆ ಕೂತಿದ್ದರು ಕೂಡ. ಗಂಡಸೊಬ್ಬ ಒಂದು ಗಂಟೆ ಎದುರಿಗೆ ಕೂತು ಬಾಯಿ ಹಾಕದೆ ಕೇಳಿಸಿಕೊಂಡದ್ದು ಆ ಹೆಂಗಸರ ಜೀವಮಾನದಲ್ಲಿ ಮೊದಲಂತೆ. ಮುಂದಿನ ಶುಕ್ರವಾರ ನಲವತ್ತು ಜನ ಬಂದರು. ಮಾರ್ತಮ್ಮ ಹೊಸ ಸೀರೆಯನ್ನು ಅಲ್ಲಿಗೇ ಉಟ್ಟು ಬಂದು, “ಚಾಲಾ ಮಂಚಿ ಅಧ್ಯಕ್ಷುಡು ಕಣಯ್ಯಾ ಮೇಷ್ಟ್ರೇ, ನಮ್ಮನೇಲಿ ಇಂಥೋನು ಒಬ್ಬ ಇದ್ದಿದ್ರೆ!” ಎಂದಳು.

ಇಷ್ಟು ಹೊತ್ತು ನಗಿಸಿದೆನಲ್ಲ, ಈಗ ನಾನು ಮಾಡಿದ ಕೆಲಸ ಹೇಳುತ್ತೇನೆ.

ನಮ್ಮಲ್ಲಿ ತಿಂಗಳ ಮೊದಲನೆಯ ಭಾನುವಾರ ಪ್ರಭು ಭೋಜನ. ಪಾಸ್ಟರು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಆಶೀರ್ವದಿಸಿ, ಮುಂದೆ ಬಂದು ಮೊಣಕಾಲೂರಿದವರಿಗೆ ಕೈಯಾರೆ ಕೊಡುತ್ತಾರೆ. ಸಭೆಗೆ ಸಭೆಯೇ ಬೆಂಚು ಬೆಂಚಾಗಿ ಎದ್ದು ಮುಂದೆ ಹೋಗುತ್ತದೆ. ಹೆಣ್ಣಿನ ಕೈಯಿಂದ ಇದನ್ನು ತೆಗೆದುಕೊಳ್ಳುವುದು ಹೇಗೆ ಎಂದು ನಾಲ್ಕಾರು ಜನ ಮೊದಲಿಂದಲೂ ಗೊಣಗುತ್ತಿದ್ದರು, ಗೊಣಗುತ್ತಲೇ ತೆಗೆದುಕೊಳ್ಳುತ್ತಿದ್ದರು. ಮೂರು ನಾಲ್ಕು ತಿಂಗಳಾದ ಮೇಲೆ ಯಾರದೋ ಕಣ್ಣಿಗೆ ಬಿತ್ತು: ಎಲ್ಲರೂ ಎದ್ದು ಹೋದರೂ ಯಜಮಾನರು ಮಾತ್ರ ಏಳುವುದಿಲ್ಲ. ಬಾಗಿಲ ಪಕ್ಕದ ಕಡೇ ಬೆಂಚಿನಲ್ಲಿ ತಲೆ ಬಗ್ಗಿಸಿ ಕೂತಿರುತ್ತಾರೆ.

ದೇವದಾನಪ್ಪನವರಿಗೆ ಹಬ್ಬವಾಯಿತು. “ನೋಡಿದ್ರಾ? ಕಟ್ಕೊಂಡ ಗಂಡನೇ ಆಯಮ್ಮನ ಕೈಯಿಂದ ತಗೋತಿಲ್ಲ. ನಮಗೇನ್ರೀ ಗ್ರಹಚಾರ?” ಗೊಣಗುತ್ತಿದ್ದ ನಾಲ್ಕು ಜನ ಹದಿನಾಲ್ಕಾದರು. ಗಂಡನಿಗೆ ಹೊಟ್ಟೆಕಿಚ್ಚು ಎಂದರು, ಒಳಗೊಳಗೇ ಅವಮಾನ ಎಂದರು. ಅಮ್ಮನವರನ್ನು ಬದಲಾಯಿಸಿ ಅಯ್ಯನವರನ್ನು ಕೊಡಿ ಎಂದು ಬಿಷಪ್ಪರಿಗೆ ಅರ್ಜಿ ಹಾಕುವುದೆಂದು ತೀರ್ಮಾನವಾಯಿತು. ದೀಕ್ಷೆಯಾಗಿ ವರ್ಷ ತುಂಬಿರದ ಹೆಂಗಸು; ಮೊದಲನೆಯ ಸಭೆಯೇ ಬೇಡ ಎಂದು ವಾಪಸು ಕಳಿಸಿದರೆ ಮುಂದೆ ಯಾವ ಸಭೆಯೂ ಬೇಕು ಎನ್ನುವುದಿಲ್ಲ. ಇದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೇ ಬರೆಯಲು ಕೂತೆವು. ಕೂತೆವು ಏನು, ಕೂತವನು ನಾನು. ನನ್ನ ಕೈಬರಹ ಚೆನ್ನಾಗಿದೆ, ಭಾಷೆ ಇನ್ನೂ ಚೆನ್ನಾಗಿದೆ.

ಅರ್ಜಿಯ ನಡುವೆ ಒಂದು ವಾಕ್ಯ ಬಿತ್ತು: ‘ಕೈಹಿಡಿದ ಪತಿಯೇ ಯಾರ ಹಸ್ತದಿಂದ ಪ್ರಭುವಿನ ರೊಟ್ಟಿಯನ್ನು ಸ್ವೀಕರಿಸಲು ಹಿಂಜರಿಯುವರೋ, ಅಂಥವರ ಹಸ್ತದಿಂದ ಇಡೀ ಸಭೆಯು ಹೇಗೆ ತಾನೆ ಸ್ವೀಕರಿಸೀತು?’ ಆ ‘ಸ್ವೀಕರಿಸೀತು’ ಬಿದ್ದಾಗ ನನಗೆ ಎಷ್ಟು ಖುಷಿಯಾಯಿತೆಂದರೆ, ನನ್ನ ಹೆಂಡತಿಯನ್ನು ಒಳಗಿಂದ ಕರೆದು ಓದಿ ಹೇಳಿದೆ. ಅವಳು, “ಅದೇನೋ ಸರಿ, ಯಾಕೆ ತಗೊಳ್ಳಲ್ಲ ಅಂತ ಆಯಪ್ಪನ್ನ ಯಾರಾದ್ರೂ ಕೇಳಿದ್ರಾ?” ಎಂದಳು. ಯಾರೂ ಕೇಳಿರಲಿಲ್ಲ.

ಮರುದಿನ ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ಹೋದೆ. ಮಾರುಕಟ್ಟೆಯಲ್ಲಿ ಹರಾಜು ಮುಗಿದಿತ್ತು. ಯಜಮಾನರು ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳುತ್ತಿದ್ದರು, ಒಳಗಿನ ಹುಳು ಬದುಕಿದೆಯೋ ಸತ್ತಿದೆಯೋ ಎಂದು. ನನ್ನನ್ನು ಕಂಡು ಹೊರಗಿನ ಟೀ ಅಂಗಡಿಗೆ ಕರೆದುಕೊಂಡು ಹೋದರು. ನಾನು ಸುತ್ತಿ ಬಳಸದೆ ಕೇಳಿದೆ.

“ಯಜಮಾನ್ರೇ, ಭೋಜನಕ್ಕೆ ನೀವು ಮುಂದೆ ಯಾಕೆ ಬರಲ್ಲ?”

“ಜಗಳ ಆಗಿರುತ್ತಲ್ಲ ಮೇಷ್ಟ್ರೇ.”

“ಯಾರ ಜೊತೆ?”

“ಇನ್ಯಾರ ಜೊತೆ? ಅವಳ ಜೊತೆ. ಭಾನುವಾರ ಬೆಳಗ್ಗೆ ಜಗಳ ಆಡ್ದೆ ನಾವು ಮನೆ ಬಿಟ್ಟಿದ್ದೇ ಇಲ್ಲ. ಅವಳ ನಿಲುವಂಗಿ ಇಸ್ತ್ರಿ ನಂದು. ಗೆರೆ ಸರಿ ಬಂದಿಲ್ಲ ಅಂತಾಳೆ. ಕನ್ನಡಕ ಎಲ್ಲೋ ಇಟ್ಟು ನಾನೇ ಕಳೆದೆ ಅಂತಾಳೆ. ನಾನೂ ಸುಮ್ನಿರಲ್ಲ, ಎರಡು ಕೊಡ್ತೀನಿ. ಅಷ್ಟರಲ್ಲಿ ಗಂಟೆ ಹೊಡೆಯುತ್ತೆ, ಅವಳು ಓಡ್ತಾಳೆ.”

“ಅದಕ್ಕೂ ಭೋಜನಕ್ಕೂ ಏನ್ರೀ ಸಂಬಂಧ?”

ಯಜಮಾನರು ನನ್ನನ್ನು ಸ್ವಲ್ಪ ಆಶ್ಚರ್ಯದಿಂದ ನೋಡಿದರು. “ಅವಳೇ ಪುಸ್ತಕ ಹಿಡ್ಕೊಂಡು ಓದ್ತಾಳಲ್ಲ, ನೆರೆಯವರ ಸಂಗಡ ಸಮಾಧಾನವಾಗಿರೋರು ಹತ್ತಿರ ಬನ್ನಿ ಅಂತ. ನೀವು ಕೇಳಿಸ್ಕೊಳ್ಳಲ್ವಾ?”

ಐವತ್ತು ವರ್ಷದಿಂದ ಕೇಳಿಸಿಕೊಂಡಿದ್ದೆ. ಅದು ನಮಗೆ ಹೇಳುವ ಮಾತು ಎಂದು ಮಾತ್ರ ಯಾವತ್ತೂ ಅನಿಸಿರಲಿಲ್ಲ. “ನೆರೆಯವರು ಅಂದ್ರೆ ಆಚೆಮನೆಯೋರಪ್ಪ, ಹೆಂಡತಿ ಅಲ್ಲ” ಎಂದೆ.

“ಒಂದೇ ಮಂಚದ ಮೇಲೆ ಮಲಗೋಳಿಗಿಂತ ಹತ್ತಿರದೋರು ಯಾರಿದ್ದಾರೆ ಮೇಷ್ಟ್ರೇ? ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲಾ ಸರಿಹೋಗುತ್ತೆ. ಭೋಜನ ಸಾಯಂಕಾಲ ಇಟ್ಟಿದ್ರೆ ಎಲ್ಲರಿಗಿಂತ ಮುಂಚೆ ನಾನೇ ಬಂದು ಮೊಣಕಾಲೂರ್ತಿದ್ದೆ. ಒಂಬತ್ತು ಗಂಟೆಗೆ ಒಳಗೆ ಇನ್ನೂ ಕುದೀತಾ ಇರುತ್ತೆ. ಅವಳಿಗೂ ಕುದೀತಿರುತ್ತೆ, ಪಾಪ, ಅವಳಿಗೆ ಬಿಡೋ ಹಂಗಿಲ್ಲ, ನಿಂತ್ಕೊಂಡು ಕೊಡಲೇಬೇಕು. ಇಬ್ಬರಲ್ಲಿ ಒಬ್ಬರಾದ್ರೂ ಸರಿಯಾಗಿರೋಣ ಅಂತ ನಾನು ಹಿಂದೆ ಕೂತ್ಕೋತೀನಿ.” ಆಮೇಲೆ ಟೀ ಹೀರಿ, “ಅವಳ ಕೈಯಿಂದ ಏನೂ ತೊಂದರೆ ಇಲ್ಲ. ನಾನು ದಿನಾ ಊಟ ಮಾಡೋದೇ ಆ ಕೈಯಿಂದ. ಶನಿವಾರ ಬಿಟ್ಟು. ಶನಿವಾರ ಅವಳು ಪ್ರಸಂಗ ಬರೀತಾಳೆ” ಎಂದರು.

ವಾಪಸು ಬರುವ ಬಸ್ಸಿನಲ್ಲಿ ನಾನು ಏನು ಯೋಚಿಸಬೇಕಿತ್ತು? ಅರ್ಜಿ ಹರಿಯಬೇಕು ಎಂದು. ನಾನು ಯೋಚಿಸಿದ್ದು ನನ್ನ ವಾಕ್ಯದ ವಿಷಯ. ಈ ಕಾರಣ ಸೇರಿಸಿದರೆ ಆ ವಾಕ್ಯ ನಿಲ್ಲುವುದಿಲ್ಲ. ಅದಿಲ್ಲದೆ ಅರ್ಜಿಯೇ ನಿಲ್ಲುವುದಿಲ್ಲ. ಅರ್ಜಿ ನಿಲ್ಲದಿದ್ದರೆ ದೇವದಾನಪ್ಪನವರ ಮುಂದೆ ನಾನು ನಿಲ್ಲುವುದು ಹೇಗೆ? ಅಲ್ಲದೆ, ಹಿಂಜರಿಯುವರು ಎಂದಷ್ಟೇ ಬರೆದಿದ್ದೇನೆ, ಕಾರಣ ಇಂಥದು ಎಂದು ಬರೆದಿಲ್ಲ, ಸುಳ್ಳೇನೂ ಇಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ. ಮರುದಿನ ಅಂಚೆಗೆ ಹಾಕಿದೆ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ, ಆವತ್ತು ಆಗಲಿಲ್ಲ.

ಬಿಷಪ್ಪರ ಉತ್ತರ ಬಂತು. ಬರುವ ತಿಂಗಳ ಮೊದಲನೆಯ ಭಾನುವಾರ ತಾವೇ ಬಂದು ಕಣ್ಣಾರೆ ನೋಡಿ ತೀರ್ಮಾನ ಮಾಡುವುದಾಗಿ ಬರೆದಿದ್ದರು. ಆ ಭಾನುವಾರ ಚರ್ಚು ಕಿಕ್ಕಿರಿದಿತ್ತು. ಎಲ್ಲರ ಕಣ್ಣೂ ಕಡೇ ಬೆಂಚಿನ ಮೇಲೆ. ಯಜಮಾನರು ಎದ್ದು ಮುಂದೆ ಬಂದರೆ ಅರ್ಜಿ ಸುಳ್ಳು, ಅಮ್ಮನವರು ಉಳಿದರು; ಏಳದಿದ್ದರೆ ಅಮ್ಮನವರ ಗಂಟುಮೂಟೆ ಕಟ್ಟಿದ ಹಾಗೆಯೇ. ಬಿಷಪ್ಪರು ಪ್ರಸಂಗ ಮಾಡಿದರು. ಭೋಜನವನ್ನು ಮಾತ್ರ ಅಮ್ಮನವರೇ ನಡೆಸಲಿ ಎಂದು ಪಕ್ಕಕ್ಕೆ ಕೂತರು.

ನಮ್ಮ ಆರಾಧನೆಯಲ್ಲಿ ಭೋಜನಕ್ಕೆ ಮೊದಲು ಸಮಾಧಾನ ಹಂಚುವುದೆಂಬ ಪದ್ಧತಿಯಿದೆ. ಪಾಸ್ಟರು ಇಬ್ಬರು ಹಿರಿಯರ ಅಂಗೈಗಳನ್ನು ತಮ್ಮ ಎರಡು ಅಂಗೈಗಳ ನಡುವೆ ಹಿಡಿದು, ದೇವರ ಸಮಾಧಾನ ನಿನಗಿರಲಿ ಎನ್ನುತ್ತಾರೆ. ಆ ಇಬ್ಬರು ಅದನ್ನು ಹಾಗೆಯೇ ಕೈಯಿಂದ ಕೈಗೆ, ಬೆಂಚಿನಿಂದ ಬೆಂಚಿಗೆ, ಹಿಂದಿನವರೆಗೂ ಒಯ್ಯುತ್ತಾರೆ. ಒಬ್ಬರು ದೇವದಾನಪ್ಪನವರು, ಹೆಂಗಸರ ಸಾಲಿಗೆ. ಇನ್ನೊಬ್ಬ ನಾನು, ಗಂಡಸರ ಸಾಲಿಗೆ. ದೇವದಾನಪ್ಪನವರು ಅಮ್ಮನವರಿಂದ ಸಮಾಧಾನವನ್ನು ತುದಿಬೆರಳಲ್ಲಿ ತೆಗೆದುಕೊಂಡರು. ನನ್ನ ಸರದಿ ಬಂದಾಗ ಅಮ್ಮನವರು ಹೇಳಿದ್ದು ಮರೆತವರಂತೆ ಆ ಮಾತನ್ನು ಎರಡು ಸಲ ಹೇಳಿದರು. ಅವರಿಗೂ ಭಯವಿರಬಹುದು ಎಂದು ನನಗೆ ಹೊಳೆದದ್ದು ಆಗಲೇ.

ಬೆಂಚು ಬೆಂಚಾಗಿ ಕೊಡುತ್ತ ಹಿಂದಕ್ಕೆ ಹೋದೆ. ಕಡೇ ಬೆಂಚಿನಲ್ಲಿ ಯಜಮಾನರು ಎದ್ದು ನಿಂತು ಎರಡೂ ಕೈ ಮುಂದೆ ಚಾಚಿದ್ದರು. ಗೂಡು ಮುಟ್ಟಿ ಮುಟ್ಟಿ ಒರಟಾದ ಕೈ. ಇಷ್ಟು ದಿನ ಎಷ್ಟು ಸಲ ಆ ಕೈ ಹಿಡಿದು ಆ ಮಾತು ಹೇಳಿದ್ದೆನೋ, ಆವತ್ತು ಕೈ ಚಾಚದೆ ನಿಂತೆ. ಅವರ ಹೆಂಡತಿಯ ಅನ್ನ ಕಿತ್ತುಕೊಳ್ಳುವ ಕಾಗದ ಮುಂದೆ ಬಿಷಪ್ಪರ ಚೀಲದಲ್ಲಿದೆ, ಅದನ್ನು ಬರೆದ ಕೈಯಿಂದ ಇವರಿಗೆ ಸಮಾಧಾನ ಕೊಡಬೇಕು. ಕೊನೆಗೆ ಅವರಿಗೊಬ್ಬರಿಗೇ ಕೇಳುವ ಹಾಗೆ, “ಅರ್ಜಿ ಬರ್ದೋನು ನಾನೇ” ಎಂದೆ.

“ಗೊತ್ತು ಮೇಷ್ಟ್ರೇ. ಬಿಷಪ್ಪರು ಅವಳಿಗೊಂದು ನಕಲು ಕಳಿಸಿದ್ರು. ನೋಟಿಸ್ ಬೋರ್ಡಿನಲ್ಲಿ ನಿಮ್ಮ ಅಕ್ಷರ ದಿನಾ ನೋಡ್ತೀನಲ್ಲ. ಬಹಳ ಚೆನ್ನಾಗಿ ಬರ್ದಿದ್ದೀರಿ.”

ಅವರು ಕುಹಕವಾಡಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ. “ಇವತ್ತಾದ್ರೂ ಬನ್ನಿ ಯಜಮಾನ್ರೇ. ಇವತ್ತೊಂದಿನ. ಅಮ್ಮನೋರ ಗತಿ ಏನಾಗುತ್ತೆ ಗೊತ್ತಲ್ಲ?”

“ನಾನೂ ಅದೇ ಅಂದೆ, ಬೆಳಗ್ಗೆ. ಇವತ್ತು ಬರ್ತೀನಿ ಕಣೇ ಅಂದೆ. ಬಿಷಪ್ಪರಿಗೆ ತೋರಿಸೋಕೆ ಬರೋದಾದ್ರೆ ಬರಬೇಡಿ, ಕೊಡಲ್ಲ ಅಂದ್ಲು. ನಿನಗೋಸ್ಕರ ಬರ್ತೀನಿ ಅಂದ್ರೆ ಕೊಡಲ್ಲ ಅಂತೀಯಾ ಅಂತ ನಾನು ರೇಗ್ದೆ. ಇವತ್ತಿನಷ್ಟು ಜೋರು ಜಗಳ ಯಾವತ್ತೂ ಆಗಿರಲಿಲ್ಲ.” ಹಾಗೆಂದು, ಇನ್ನೂ ಚಾಚಿದ್ದ ಕೈಗಳ ನಡುವೆ ನನ್ನ ಕೈಯನ್ನು ತಾವೇ ಹಿಡಿದು, “ನಿಮಗೂ ನನಗೂ ಸಮಾಧಾನ ಆಯ್ತು. ಹೋಗಿ ಮೇಷ್ಟ್ರೇ, ಎಲ್ಲಾ ಕಾಯ್ತಾವ್ರೆ” ಎಂದರು.

ಹಿರಿಯರು ಮೊದಲು ಮುಂದೆ ಹೋಗಿ ಮೊಣಕಾಲೂರಬೇಕು. ದೇವದಾನಪ್ಪನವರು ಹೆಂಗಸರ ಸಾಲು ಮುಗಿಸಿ ಆಗಲೇ ಮುಂದೆ ಹೋಗಿ ತಿರುಗಿ ನೋಡುತ್ತಿದ್ದರು. ಯಜಮಾನರ ಜೊತೆ ನನ್ನ ಲೆಕ್ಕ ಸರಿಹೋಗಿತ್ತು, ಅಮ್ಮನವರ ಜೊತೆ? ನಾನು ಮುಂದೆ ಹೋಗಿ ಅವರ ಕೈಯಿಂದ ತೆಗೆದುಕೊಂಡು, ಆಮೇಲೆ ಒಳಕೋಣೆಯಲ್ಲಿ ಕೂತು ಅವರನ್ನು ಊರು ಬಿಡಿಸಬೇಕೇ? ಯಜಮಾನರ ಪಕ್ಕ ಕಡೇ ಬೆಂಚಿನಲ್ಲಿ ಕೂತುಬಿಟ್ಟೆ. ಸಭೆಯೆಲ್ಲ ತಿರುಗಿ ನೋಡಿತು. ಅಮ್ಮನವರೂ ನೋಡಿದರು. ಬುದ್ಧಿ ಬಂದಾಗಿನಿಂದ ಮೊದಲ ಸಲ ನಾನು ಭೋಜನ ತಪ್ಪಿಸಿಕೊಂಡದ್ದು ಆವತ್ತು. ಅಳು ಬಂತು, ಅತ್ತೆ. ಯಜಮಾನರು ಕರವಸ್ತ್ರ ಕೊಟ್ಟರು, ಅದಕ್ಕೂ ಇಸ್ತ್ರಿ ಹಾಕಿತ್ತು.

ಆರಾಧನೆ ಮುಗಿದ ಮೇಲೆ ಒಳಕೋಣೆಯಲ್ಲಿ ಕಮಿಟಿ ಸೇರಿತು. ಬಿಷಪ್ಪರು ಅರ್ಜಿ ಬಿಡಿಸಿ, “ಕಾರ್ಯದರ್ಶಿಗಳೇ, ನೀವೂ ಇವರ ಕೈಯಿಂದ ತಗೊಳ್ಳಲ್ವಾ?” ಎಂದು ಕೇಳಿದರು.

“ತಗೋತೀನಿ ಅಯ್ಯನವರೇ. ಇವತ್ತು ನನಗೆ ಯೋಗ್ಯತೆ ಇರಲಿಲ್ಲ” ಎಂದು ಶಿಡ್ಲಘಟ್ಟದ ಟೀ ಅಂಗಡಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಗೊತ್ತಿದ್ದೂ ಮುಚ್ಚಿಟ್ಟು ಕಳಿಸಿದೆ ಎಂದೂ ಹೇಳಿದೆ. ದೇವದಾನಪ್ಪನವರು ಮುಖ ಕೆಂಪಗೆ ಮಾಡಿಕೊಂಡು, “ಮನೇಲೇ ಸಮಾಧಾನ ಇಟ್ಕೊಳ್ಳಕ್ಕಾಗ್ದೋರು ಸಭೇಲಿ ಏನ್ ಇಟ್ಕೋತಾರೆ?” ಎಂದರು. ಮಾತು ಚೆನ್ನಾಗಿಯೇ ಇತ್ತು. ಅಮ್ಮನವರು ಮೊದಲ ಸಲ ಬಾಯಿಬಿಟ್ಟು, “ನಮ್ಮ ಮನೇಲಿ ಸಮಾಧಾನ ಇಲ್ಲದಾಗ ಇಲ್ಲ ಅಂತ ಎಲ್ಲರಿಗೂ ಕಾಣೋ ಹಂಗೆ ಕೂತ್ಕೋತಾರೆ ಅಣ್ಣ. ನಿಮ್ಮ ಮನೇಲಿ?” ಎಂದರು. ದೇವದಾನಪ್ಪನವರು ಇಬ್ಬರು ಸೊಸೆಯರಿಗೆ ಎರಡು ಒಲೆ ಮಾಡಿಕೊಟ್ಟವರು. ಕನ್ನಡಕ ತೆಗೆದು ಒರೆಸತೊಡಗಿದರು.

ಬಿಷಪ್ಪರು ಅರ್ಜಿ ಮಡಚಿ ನನ್ನ ಕೈಗೇ ಕೊಟ್ಟು, “ಆರಾಧನೆ ಎಷ್ಟು ಗಂಟೆಗೆ?” ಎಂದರು. ಒಂಬತ್ತಕ್ಕೆ ಎಂದೆವು. “ಇನ್ನು ಮೇಲೆ ಹತ್ತಕ್ಕೆ ಇಟ್ಕೊಳ್ಳಿ. ಒಂದು ಗಂಟೆ ಸಿಕ್ಕರೆ ಸರಿಹೋಗಬಹುದು” ಎಂದು ಎದ್ದರು. ನಮ್ಮ ಚರ್ಚಿನಲ್ಲಿ ಈಗಲೂ ಆರಾಧನೆ ಹತ್ತು ಗಂಟೆಗೆ. ಹೊಸಬರು ಯಾಕೆ ಇಷ್ಟು ತಡ ಎಂದು ಕೇಳುತ್ತಾರೆ, ನಾವು ಬಸ್ಸಿನ ಅನುಕೂಲಕ್ಕೆ ಎನ್ನುತ್ತೇವೆ.

ಅಮ್ಮನವರು ಉಳಿದರು. ಮಧ್ಯಾಹ್ನವೇ ಬಂಗಲೆಗೆ ಹೋಗಿ ಅವರ ಕ್ಷಮೆ ಕೇಳಿದೆ. ಅವರು ಕ್ಷಮಿಸಿದೆ ಎಂದು ಬಾಯಲ್ಲಿ ಹೇಳಲಿಲ್ಲ, ಊಟಕ್ಕೆ ಎಲೆ ಹಾಕಿದರು. ದೇವದಾನಪ್ಪನವರು ಮಾತ್ರ ತಿಂಗಳ ಮೊದಲ ಭಾನುವಾರ ಬಸ್ಸು ಹಿಡಿದು ಬೇರೆ ಊರಿನ ಚರ್ಚಿಗೆ ಹೋಗಿ ಅಯ್ಯನವರ ಕೈಯಿಂದ ತೆಗೆದುಕೊಂಡು ಬರುತ್ತಿದ್ದರು. ಎರಡು ವರ್ಷಕ್ಕೆ ಮಂಡಿನೋವು ಬಂತು. ಬಸ್ಸು ಹತ್ತಲಾಗದ ಮೇಲೆ ಹೆಣ್ಣಿನ ಕೈಯೂ ಆಯಿತು.

ಯಜಮಾನರು? ಬಿಷಪ್ಪರು ಕೊಟ್ಟ ಒಂದು ಗಂಟೆ ಏನು ಮಾಡಿದಿರಿ ಎಂದು ಕೇಳಿದರೆ, “ಮುಂಚೆ ಜಗಳ ಅರ್ಧಕ್ಕೆ ನಿಲ್ತಿತ್ತು, ಈಗ ಪೂರ್ತಿ ಆಗುತ್ತೆ” ಎನ್ನುತ್ತಿದ್ದರು. ಆದರೆ ಅಪರೂಪಕ್ಕೆ, ವರ್ಷಕ್ಕೆ ಒಂದು ಸಲವೋ ಎರಡು ಸಲವೋ, ಭೋಜನದ ಹೊತ್ತಿಗೆ ಕಡೇ ಬೆಂಚು ಕಿರ್ ಎನ್ನುತ್ತಿತ್ತು. ತಿರುಗಿ ನೋಡದೆಯೇ ಸಭೆಗೆಲ್ಲ ಗೊತ್ತಾಗುತ್ತಿತ್ತು, ಇವತ್ತು ಬಂಗಲೆಯಲ್ಲಿ ಸಮಾಧಾನ ಎಂದು. ಹೆಂಗಸರು ಸೆರಗು ಅಡ್ಡ ಹಿಡಿದು ನಗುವರು. ಯಜಮಾನರು ಎಲ್ಲರಿಗಿಂತ ಕೊನೆಗೆ ಬಂದು ಮೊಣಕಾಲೂರುವರು. ಗಂಡನ ಅಂಗೈಯಲ್ಲಿ ರೊಟ್ಟಿ ಇಡುವಾಗ ನಮ್ಮ ಅಮ್ಮನವರ ಮುಖ ನೋಡಬೇಕಿತ್ತು, ಹೊಸ ಮದುಮಗಳ ಹಾಗೆ ಕೆಂಪಾಗುತ್ತಿತ್ತು. ಮಾರ್ತಮ್ಮ ಗಟ್ಟಿಯಾಗಿಯೇ “ಸ್ತೋತ್ರ!” ಎನ್ನುತ್ತಿದ್ದಳು.

ಐದು ವರ್ಷ ತುಂಬಿ ಅವರಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ಯಜಮಾನರು ನೌಕರಿಯಿಂದ ನಿವೃತ್ತರಾಗಿ ಜೊತೆಗೆ ಹೋದರು. ಆಮೇಲೆ ಹಬ್ಬಗಳಿಗೆ ಫೋನು, ಅಷ್ಟೇ.

ಸುದ್ದಿ ಬಂದ ದಿನವೇ ನಾನೂ ಮಾರ್ತಮ್ಮನೂ ಬಸ್ಸು ಹಿಡಿದೆವು. ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅಮ್ಮನವರು ಬಿಳಿ ಸೀರೆಯಲ್ಲಿ ಜಗಲಿಯ ಮೇಲೆ ಕೂತಿದ್ದರು. ಮಾರ್ತಮ್ಮ ಹೋದವಳೇ ತಬ್ಬಿಕೊಂಡು, “ಎಟ್ಲಾ ಪೋಯೆ ತಲ್ಲೀ, ಇದ್ದಕ್ಕಿದ್ದಂಗೆ?” ಎಂದು ಅಳತೊಡಗಿದಳು.

“ಇದ್ದಕ್ಕಿದ್ದಂಗೆ ಅಲ್ಲ ಮಾರ್ತಮ್ಮ” ಎಂದರು ಅಮ್ಮನವರು. ನನ್ನ ಕಡೆ ತಿರುಗಿ ಹೇಳಿದರು. “ಹೋದ ತಿಂಗಳೂ ಭೋಜನಕ್ಕೆ ಎದ್ದು ಬಂದ್ರು, ಈ ತಿಂಗಳೂ ಎದ್ದು ಬಂದ್ರು ಮೇಷ್ಟ್ರೇ. ಇಸ್ತ್ರಿ ಸರಿ ಇಲ್ಲ ಅಂದೆ, ಕನ್ನಡಕ ಎಲ್ಲಿಟ್ರಿ ಅಂದೆ, ಬೇಕು ಬೇಕು ಅಂತಲೇ ಕೆಣಕಿದೆ. ಎಲ್ಲದಕ್ಕೂ ಹೂಂ ಅಂದ್ರು. ರೊಟ್ಟಿ ಕೈಗೆ ಇಡುವಾಗ ನನಗೆ ಗೊತ್ತಾಗೋಯ್ತು.”